ಬಿಸಿ ಎಲ್ಲಿಗೆ ಹೋಗುತ್ತದೆ

ಹತ್ತೊಂಬತ್ತು ವರ್ಷ ಬೈತಕೋಲ ಬಂದರಿನಲ್ಲಿ
ಐಸು ಹೊತ್ತೆ.
ತಲೆಗೆ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ,
ಕಿವಿಯ ಹಿಂದಿನಿಂದ ಬೆನ್ನ ನಡುವಿಗೆ
ಇಳಿಯುತ್ತಲೇ ಇರುವ ನೀರು.
ಚಳಿಯೆಂದರೆ ನನಗೆ ತೂಕ.
ಅದು ಪ್ಲಾಂಟಿನ ಬಾಗಿಲಿಂದ ಬರುತ್ತದೆ,
ಬಾಂಗಡೆಯ ಕಣ್ಣಿಗೆ ಹೋಗುತ್ತದೆ,
ಇಷ್ಟೇ ಗೊತ್ತಿತ್ತು.

ತರಬೇತಿಯ ಮೊದಲ ದಿನ
ಉಲ್ಲಾಸ ಗುನಗಿ ಮಾಸ್ತರರು
ಹಳೆಯ ಫ್ರಿಜ್ಜೊಂದರ ಬೆನ್ನು ನಮ್ಮತ್ತ ತಿರುಗಿಸಿ ಹೇಳಿದರು:
ಇದರೊಳಗೆ ತಂಪು ತಯಾರಾಗುವುದಿಲ್ಲ.
ತಂಪು ಎಂಬ ವಸ್ತುವೇ ಇಲ್ಲ.
ಇರುವುದು ಬಿಸಿಯೊಂದೇ.
ಒಳಗಿನದನ್ನು ಹೊತ್ತು ತಂದು ಹೊರಗೆ ಹಾಕುವುದು,
ಯಂತ್ರದ ಕೆಲಸ ಅಷ್ಟೇ.

ಹನ್ನೊಂದು ಹೆಂಗಸರು ನಕ್ಕೆವು.
ಹೊತ್ತು ಹಾಕುವುದಕ್ಕೂ ತರಬೇತಿ ಬೇಕೆ?

ಅರ್ಜಿಯಲ್ಲಿ 'ಪೂರ್ವಾನುಭವ' ಎಂಬಲ್ಲಿ
'ಇಲ್ಲ' ಎಂದು ಬರೆದಿದ್ದೆ.

ಭತ್ಯೆ ದಿನಕ್ಕೆ ನೂರಿಪ್ಪತ್ತು, ಅದೂ ತಿಂಗಳು ತಡ.
ಬಂದರಿನಲ್ಲಾದರೆ ಸಂಜೆಗೇ ಮುನ್ನೂರೈವತ್ತು,
ಜೊತೆಗೆ ಒಂದು ಹಿಡಿ ಶೆಟ್ಲಿ.
ಮೂರನೇ ವಾರಕ್ಕೆ ಜುಬೇದಾ ಬರಲಿಲ್ಲ,
ಅವಳ ಏಪ್ರನ್ನು ಮೊಳೆಗೆ ನೇತಾಡಿಕೊಂಡೇ ಇತ್ತು.
ಅಂಕೋಲೆಯ ಸೋಮಿ ಗೌಡ ಹೋಗುವಾಗ
ತನ್ನ ವಹಿ ನನಗೆ ಕೊಟ್ಟು ಹೋದಳು,
ಅರ್ಧ ಖಾಲಿ ಇದೆ, ಬರಕೋ ಅಂತ.

ಬೆಂಕಿಯ ನಾಲಗೆ ಚಿಕ್ಕದು ಮಾಡಲು ಕಲಿತೆ.
ತಾಮ್ರದ ಕೊಳವೆಗೆ ಬೆಸುಗೆ ಹಾಕುವಾಗ
ಎಷ್ಟು ಕಾಯಿಸಬೇಕು ಎಂದರೆ
ಮಾಸ್ತರರು ಡಿಗ್ರಿ ಹೇಳುತ್ತಿದ್ದರು.
ನಾನು ಪಕ್ಕದವಳಿಗೆ ಪಿಸುಗುಟ್ಟಿದೆ:
ಬೆಂದ ಏಡಿಯ ಬಣ್ಣ ಬರಬೇಕು, ಆಗ ಕಡ್ಡಿ ಮುಟ್ಟಿಸು.
ಮರುವಾರ ಅವರೇ ಬೋರ್ಡಿನಲ್ಲಿ ಡಿಗ್ರಿಯ ಕೆಳಗೆ
'ಏಡಿ' ಎಂದು ಬರೆದರು.

ಸೋರುವ ಜಾಗ ಹುಡುಕುವುದು ಮಾತ್ರ ಕಷ್ಟವಾಯಿತು.
ಐಸು ನನ್ನ ಬೆರಳ ತುದಿಗಳನ್ನು
ಯಾವತ್ತೋ ತಿಂದು ಮುಗಿಸಿತ್ತು.
ಮಣಿಕಟ್ಟಿನ ಒಳಮೈ, ಬಳೆ ಕೂರುವಲ್ಲಿ,
ಅಲ್ಲಿನ್ನೂ ಜೀವ ಇತ್ತು.
ಕೊಳವೆಯ ಉದ್ದಕ್ಕೂ ಅದನ್ನು ಆಡಿಸಿದೆ,
ಹಸುಗೂಸಿನ ಉಸಿರು ನೋಡಿದಂತೆ.
ಬಂತು, ಸಣ್ಣ ಗಾಳಿ.
ಸಾಬೂನು ಹಚ್ಚಿದರೆ ಗುಳ್ಳೆ,
ದಡಕ್ಕೆ ಬಿದ್ದ ಮೀನಿನ ಬಾಯಿಯಂತೆ
ತೆರೆದು ಮುಚ್ಚಿ ತೆರೆದು.

ಪಾನಾ, ಕಟರು, ಇಕ್ಕಳಗಳ ಮೇಲೆ
ಮಗಳ ಉಗುರುಬಣ್ಣದಿಂದ ಗುರುತು ಹಾಕಿದೆ.
ಗಂಡ ನಕ್ಕ. ನಕ್ಕವನೇ
ಬಲೆಯ ಹಗ್ಗ ಕತ್ತರಿಸಲು ಕಟರು ಕೇಳಿದ.
ಕೊಡಲಿಲ್ಲ.

ಆಗಸ್ಟಿನಲ್ಲಿ ದೋಣಿಗಳೆಲ್ಲ ಮತ್ತೆ ಕಡಲಿಗಿಳಿದ ವಾರ
ಪ್ಲಾಂಟು ಕೆಟ್ಟಿತು.
ಮಾಸ್ತರರು ಫೋನಿನಲ್ಲಿ ಅಂದರು,
ನೀನೇ ಹೋಗು ಚಂದ್ರಭಾಗಾ,
ಆ ಬಾಗಿಲು ನಿನಗೆ ಗೊತ್ತಲ್ಲ.

ಬಾಗಿಲೇನೋ ಗೊತ್ತಿತ್ತು.
ಅದರಾಚೆ ಎರಡು ಹೆಜ್ಜೆ ಇಟ್ಟವಳಲ್ಲ.
ಒಳಗೆ ಕತ್ತಲು, ಎಣ್ಣೆ, ಮೋಟಾರಿನ ಗೊಗ್ಗರು ದನಿ.
ಕೊಳವೆಯ ಮೇಲೆ ಅಂಗೈ ಇಟ್ಟುಕೊಂಡೇ ನಡೆದೆ,
ತಣ್ಣಗಿದ್ದದ್ದು ಬೆಚ್ಚಗಾಗಿ, ಬೆಚ್ಚಗಿದ್ದದ್ದು ಸುಡುತ್ತ,
ಕೊನೆಗೆ ಹಿಂಗೋಡೆಯ ಜಾಲಂಧ್ರ,
ಅಲ್ಲೊಂದು ದೊಡ್ಡ ಪಂಖ.
ಕಣ್ಣಿಟ್ಟು ನೋಡಿದರೆ ಆಚೆಗೆ
ನಮ್ಮ ಜಾಗ.

ಹತ್ತೊಂಬತ್ತು ವರ್ಷ ನಾವು
ಬೆನ್ನು ಕೊಟ್ಟು ಸೀರೆ ಒಣಗಿಸಿಕೊಂಡ ಗೋಡೆ.
ಪುಣ್ಯದ ಗೋಡೆ ಎನ್ನುತ್ತಿದ್ದೆವು,
ಬಿಸಿಲು ಬೀಳದಿದ್ದರೂ ಬೆಚ್ಚಗಿರುತ್ತದಲ್ಲ ಎಂದು.
ನೀರಿನ ಮೈಯಿಂದ ಕಿತ್ತ ಬಿಸಿಯನ್ನು
ಪಂಖ ನಮ್ಮ ಬೆನ್ನಿಗೆ ಊದುತ್ತಿತ್ತು.
ಒಂದೇ ಯಂತ್ರ.
ಮುಂದಿನ ಬಾಗಿಲಲ್ಲಿ ನಡುಗಿಸಿ
ಹಿಂದಿನ ಗೋಡೆಯಲ್ಲಿ ಸಂತೈಸಿದ್ದು.

ಸರಿಮಾಡಬೇಕೆಂದರೆ ಮೊದಲು ನಿಲ್ಲಿಸಬೇಕು.
ಸ್ವಿಚ್ಚು ಕೆಳಗೆಳೆದೆ.
ಪಂಖದ ಎಸಳುಗಳು ಒಂದೊಂದಾಗಿ ಕಾಣತೊಡಗಿದವು.

ಜಾಲಂಧ್ರದ ಆಚೆ ಒಂದು ಒದ್ದೆ ಬೆನ್ನು
ಥಟ್ಟನೆ ತಿರುಗಿತು. ಶೇವಂತಿ.
"ಯಾರೇ ಅದು? ಬಿಸಿ ಯಾಕೆ ನಿಂತೋಯ್ತು?"

"ನಾನೇ," ಅಂದೆ.
"ಅರ್ಧ ತಾಸು ತಡಿ."