ಹತ್ತರ ತನಕ

ಕಲಬುರಗಿಯಲ್ಲಿ ಐದು ದಿನ ತರಬೇತಿ.
ಒಂದು ಚೀಲ, ಬಣ್ಣದ ಪೆನ್ನು, ಪ್ರಮಾಣಪತ್ರ ಹೊತ್ತು ಬಂದೆ.

ಚಿಂಚೋಳಿ ಕಡೆಯ ತಾಂಡಾದ ಶಾಲೆ.
ಕೊನೆಯ ಸಾಲಲ್ಲಿ ಮಕ್ಕಳ ನಡುವೆ
ಚಕ್ಕಂಬಕ್ಕಲು ಹಾಕಿ ಕೂತರು ಖಮರುನ್ನೀಸಾ ಟೀಚರ್.
ಏನೂ ಬರೆದುಕೊಳ್ಳಲಿಲ್ಲ.
ಗಂಟೆ ಹೊಡೆದ ಮೇಲೆ ಅಂದರು:
"ಪ್ರಶ್ನಿ ನೀನೇ ಕೇಳ್ತಿ, ಉತ್ತರಾನೂ ನೀನೇ ಹೇಳ್ತಿ.
ಮಕ್ಕಳು ಬಂದದ್ದು ನೆಳ್ಳಿಗೇನು?
ಕೇಳು. ಮನಸಿನಾಗ ಹತ್ತು ಎಣಸು."

ಮರುದಿನ ಕೇಳಿದೆ:
ನಡುಹಗಲಿಗೆ ನೆರಳು ಗಿಡ್ಡ, ಯಾಕೆ?
ಮೂರು. ತಗಡಿನ ಮೇಲೆ ಕಾಗೆಯ ಉಗುರು.
ಆರು. ಅಂಗೈಯಲ್ಲಿ ಸುಣ್ಣ ಹಸಿಯಾಯಿತು.
ಎಂಟಕ್ಕೆ ಝಮಕಿಬಾಯಿ ಎದ್ದು
ಲಂಬಾಣಿಯಲ್ಲಿ ಹೇಳಿದಳು.
ನನಗೆ ತಿಳಿಯಲಿಲ್ಲ,
ತರಗತಿಗೆ ತಿಳಿಯಿತು.

ಸಂಜೆ, ಬಸ್ಸಿಗೆ ಕಾಯುವಾಗ,
"ಹ್ಯಾಂಗಾಯ್ತು?" ಅಂದರು.
ಮಾತು ಹುಡುಕುತ್ತಿದ್ದೆ.
ಅವರ ಹೆಬ್ಬೆರಳು
ಬೆರಳ ಗೆಣ್ಣುಗಳ ಮೇಲೆ
ಒಂದೊಂದೇ ಸರಿಯುತ್ತಿತ್ತು.