ಆಡು ಮುಟ್ಟದ ಸೊಪ್ಪು

ಹದಿನೇಳು ವರ್ಷ ನನ್ನ ಬೆನ್ನೇ ಒಂದು ಟ್ಯಾಂಕು.
ಟ್ಯಾಂಕಿಗೆ ಇಷ್ಟು ಅಂತ ಕೂಲಿ. ತಾಳವಾಡಿ ಸುತ್ತ
ಯಾರ ಹೊಲದ ಕೋಸಿಗೆ ಯಾವ ಹುಳ ಬಿದ್ದಿದೆ
ಬದುವಿನ ಮೇಲೆ ನಿಂತೇ ಹೇಳುತ್ತಿದ್ದೆ.
ಅಂಗಡಿಯವನು ಚೀಟಿ ನೋಡದೆ ಕೊಟ್ಟ ಬಾಟಲಿ,
ಮೈಮೇಲೆ ಕೆಂಪು ಮುಮ್ಮೂಲೆ;
ಮುಚ್ಚಳದಲ್ಲಿ ಅಳೆದು ಹೊಡೆದರೆ ಸಂಜೆಗೆ
ಎಲೆಯಡಿ ಎಳ್ಳು ಚೆಲ್ಲಿದ ಹಾಗೆ.

ಮೂಗು ಯಾವಾಗ ಹೋಯಿತೋ ತಿಳಿಯಲಿಲ್ಲ.
"ಅನ್ನ ಸೀದು ಕರಿಕಾಗದ, ಒಲೆ ಮುಂದೇ ಕುಂತಿದ್ದೀಯಲ್ಲ"
ಎಂದು ಹೆಂಡತಿ ಕೂಗಿದ ದಿನ
ತಿಳಿಯಿತು.

ಈ ಪೈರಿಗೆ ಚೆನ್ನಾಜಮ್ಮ ಕರೆಸಿದಳು.
"ಟ್ಯಾಂಕ ಮೂರು ಸಲ ಉಜ್ಜಿ ತೊಳಕಂಡು ಬಾ.
ಬಾಟ್ಲಿ ಬ್ಯಾಡ. ಕುಡ್ಲು ತಕ್ಕ ಬಾ."
ಕುಡ್ಲಲ್ಲಿ ಏನ ಕುಯ್ಯಲವ್ವ?
"ಆಡು ಮುಟ್ಟದ ಸೊಪ್ಪ."

ನಕ್ಕುಬಿಟ್ಟೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ
ಮುತ್ತಜ್ಜಿ ಕಾಲದಿಂದ ಅಂದುಕೊಂಡು ಬಂದಿದ್ದೇವೆ,
ವೇದ ಸುಳ್ಳಾದರೂ ಗಾದೆ ಸುಳ್ಳಾದೀತೆ?
ಕಳೆ ಕೀಳುತ್ತಿದ್ದ ಸತ್ಯಮಂಗಲದ ಪೂಂಗೊಡಿ
ಸೊಂಟ ನೆಟ್ಟಗೆ ಮಾಡಿ ತನ್ನ ಅರ್ಧ ಕನ್ನಡದಲ್ಲಿ:
"ನಮ್ಮಲ್ಲಿ ಒಂದು ಗಿಡದ ಪೇರೇ ಅದು, ಅಣ್ಣ.
ಆಡಾತೋಡೈ. ಆಡು ತೊಡಾದು."
ಒಂದೇ ಬದು.
ಈ ಕಡೆ ಗಾದೆ, ಆ ಕಡೆ ಗಿಡ.

ತೀರ್ಮಾನಕ್ಕೆ ಜಡೆಯನ ಮಂದೆ ಹಿಂದೆ ನಡೆದೆ.
ಇಪ್ಪತ್ತಾರು ಆಡು. ಜಾಲಿಯ ಮುಳ್ಳು ತಿಂದವು,
ಹುಣಸೆ ಚಿಗುರು, ಸಿನಿಮಾ ಪೋಸ್ಟರಿನ ನಾಯಕಿಯ ಕೈ,
ಬಿಟ್ಟಿದ್ದರೆ ನನ್ನ ಲುಂಗಿ.
ಬೇವನ್ನೂ ಬಿಡಲಿಲ್ಲ. ಮುದಿ ಹೋತವೊಂದು
ಕಣ್ಣು ಮುಚ್ಚಿ ಕಷಾಯ ಕುಡಿದ ಹಾಗೆ ಮೆದ್ದಿತು.
ಆದರೆ ಲಕ್ಕಿಯ ಪೊದೆಗೆ ಬಂದು ನಿಂತವು. ಮೂಸಿದವು.
ಮುಖ ತಿರುಗಿಸಿದವು. ಎಕ್ಕದ ಹತ್ತಿರ ಒಂದು ಸೀನಿತು.
ಹಳ್ಳದ ದಡದ ಆಡುಸೋಗೆಯನ್ನು
ಸುತ್ತು ಹಾಕಿಕೊಂಡೇ ಹೋದವು, ಮೈಲಿಗೆಯ ಮನೆಯೋ ಎಂಬಂತೆ.
ನನಗಿಲ್ಲದ ಮೂಗಿನಿಂದ ಅವು ಆರಿಸಿದವು.
ಹಿಂದೆಯೇ ನಾನು ಕುಯ್ದೆ.

ಜಜ್ಜಿ, ಬೇವಿನ ಬೀಜ ಕುಟ್ಟಿ ಬೆರೆಸಿ,
ನೀಲಿ ಡ್ರಮ್ಮಿನ ಗಂಜಲದಲ್ಲಿ ಹತ್ತು ದಿನ.
ಮೂರನೇ ದಿನಕ್ಕೆ ಕೂಲಿ ಹೆಂಗಸರು ಸೆರಗು ಮೂಗಿಗೊತ್ತಿ
ದೂರದ ಸಾಲಿಗೆ ಹೋದರು. ನಾಯಿ ಹಟ್ಟಿ ಬಿಟ್ಟಿತು.
ದೊಣ್ಣೆ ತಿರುವುತ್ತ ಒಬ್ಬನೇ ನಿಂತವನಿಗೆ ಹೊಳೆಯಿತು,
ಅಷ್ಟು ಜನರಿರುವಾಗ ಚೆನ್ನಾಜಮ್ಮ ನನ್ನನ್ನೇ ಯಾಕೆ ಕರೆಸಿದ್ದು.

ಹಳೇ ಪಂಚೆಯಲ್ಲಿ ಸೋಸಿ, ಅಂಟುವಾಳದ ನೊರೆ ಕೂಡಿಸಿ
ಇಳಿಹೊತ್ತಲ್ಲಿ ಹೊಡೆದೆ.
ಬೆಳಿಗ್ಗೆ ಎಲೆ ಮಗುಚಿದರೆ ಒಂದೂ ಸತ್ತಿಲ್ಲ.
ನಾಚಿಕೆಯಾಯಿತು, ಕೂಲಿ ಕೇಳಲಿಲ್ಲ.
ಮೂರನೇ ದಿನ: ಹಸಿರು ಹುಳ ಹಸಿರು ಎಲೆಯ ಮೇಲೆ
ಸುಮ್ಮನೆ. ಬಾಯಾಡಿಸದು.
ಆರನೇ ದಿನ ಹಳೇ ಪೊರೆ ಅರ್ಧ ಬಿಟ್ಟು, ಅರ್ಧ ಬಿಡಲಾಗದೆ
ಅಂಗಿ ಕತ್ತಿಗೆ ಸಿಕ್ಕಿದ ಮಗುವಿನ ಹಾಗೆ.
"ಕೊಲ್ಲಾಕಿಲ್ಲ ಕನಪ್ಪ ಇದು," ಅಂದಳು. "ಮರೆಸ್ತದ.
ತಿನ್ನಾದ ಮರೆಸ್ತದ, ಬೆಳೆಯಾದ ಮರೆಸ್ತದ."

ಬಾಟಲಿಯ ಕಾಲದಲ್ಲಿ ಸಾವು ನೋಡಿದವನಲ್ಲ ನಾನು,
ಹೊಡೆಯುತ್ತ ಮುಂದಿನ ಸಾಲಿಗೆ ಹೋಗುವವನು.
ಇಲ್ಲಿ ಕೂತು ನೋಡಿದೆ. ಎರಡರಲ್ಲಿ ದಯೆ ಯಾವುದು
ಇವತ್ತಿಗೂ ಗೊತ್ತಿಲ್ಲ.

ಬೇಲಿ ಮುರಿದು ಜಡೆಯನ ಮರಿ ನುಗ್ಗಿತು ನಿನ್ನೆ.
ಕೋಸಿನ ತನಕ ಓಡಿ ಬಂದು, ಮೂಸಿ, ಸೀನಿ,
ಬಂದ ಕಂಡಿಯಲ್ಲೇ ಆಚೆ.
"ಕೊಳ್ಳೋರೂ ಹಿಂಗೇ ಓಡುದ್ರೆ?" ಅಂದೆ.
"ಎರಡು ಮಳೆ ಬರ್ಲಿ ಬುಡು," ಅಂದಳು.
ಆಕಾಶ ಮಾತ್ರ ಇಬ್ಬರೂ ನೋಡಿದೆವು.

ರಾತ್ರಿ ಬಾಗಿಲಲ್ಲೇ ಹೆಂಡತಿ ತಡೆದಳು. ಕೈ ಚಾಚಿದೆ.
"ಎಂಗದ, ಹೇಳು."
ಮುಖ ಕಿವುಚಿ ಮೂಸಿದಳು. "ನೆಂದ ಹೋತ.
ಬೇವು. ಅದ್ರಿಂದೆ ಇನ್ನೇನೋ ಅದ, ತಡಿ..."
ಮತ್ತೊಮ್ಮೆ ಕೈ ಎಳೆದುಕೊಂಡಳು.