ಕಾಲು ಮಿಲಿ ಸಣ್ಣದು

ಭೀಶಿ ನನ್ನ ಪಾಳಿಗೆ ಬಂದ ತಿಂಗಳು
ಪ್ರೇಮಾ ಹಣಬರಟ್ಟಿ ಕೇಳಿದ್ಲು:
ಪಾಟಲಿ ಮಾಡಸ್ತೀಯೋ, ಬಿಲ್ವಾರೋ?
ಕ್ಯಾಮ್ ಶಾಫ್ಟ್ ಅಂದ್ನಿ.
ಅದು ಯಾವ ಡಿಸೈನು ಅಂದ್ಲು.

ತೊಂಬತ್ತೇಳರ ಎಸ್ಟೀಮು ನಂದು, ಬೂದಿ ಬಣ್ಣ,
ಬಾಗಿಲಿಗೆ ತುಕ್ಕು, ಸೀಟಿನ ಮ್ಯಾಲ ಕೌದಿ ತುಂಡು.
ನೋಡಿದವರಿಗೆ ಸಂತಿಗೆ ಹೋಗೋ ಗಾಡಿ.
ಬಾನೆಟ್ ಎತ್ತಿದರ ಮಾತು ಬ್ಯಾರೆ:
ಬುಡನ ಮಾಮಾ ಹೆಡ್ ಇಳಿಸಿ ಹದಿನೇಳು ರಾತ್ರಿ
ಪೋರ್ಟಿನ ಒಳಗೋಡಿ ಉಜ್ಜ್ಯಾನ,
ಹೋಳಿಗಿ ಕಣಕ ನಾದೋರಂಗ, ಅವಸರ ಇಲ್ಲದ.
ಟ್ಯಾಪೆಟ್ ಮಾತ್ರ ನಾನಽ ಹಿಡೀತೀನಿ.
ಫೀಲರ್ ಗೇಜಿನ ಎಲಿ ಸರೀಬೇಕು, ಹಂಗಂತ ಜಾರಬಾರದು;
ಹೊಸಾ ನೋಟು ಎಣಿಸುವಾಗ ಬೆರಳಿಗೆ ಸಿಗೂವಂಥ
ಒಂದು ಸಣ್ಣ ಹಿಡತ.

ಐತವಾರ ನಸುಕಿನ್ಯಾಗ ಜಾಂಬೋಟಿ ರಸ್ತಾ.
ನಾಕು ಸಾವಿರದ ತನಕಾ ಗಾಡಿ ಸಂಭಾವಿತ.
ಐದು ದಾಟಿತು ಅಂದರ,
ಸುಮ್ಮನ ಉಣ್ಣಾಕ ಕುಂತ ಬೀಗರೊಳಗ ಒಬ್ಬಾಂವ
ಒಮ್ಮೆಲೆ ತೋಳು ಏರಿಸಿದಂಗ.
ಆವಾಗ ನಾ ಯಾರ ಮನಿಯಾಕಿ, ನಾಳಿ ಯಾವ ಪಾಳಿ,
ಏನೂ ನೆನಪಿರೂದಿಲ್ಲ.
ಮುಂದಿನ ತಿರುವು. ಅಷ್ಟಽ.

ಕಣಕುಂಬಿ ಇನ್ನೂ ದೂರ ಇತ್ತು, ಏರಿನ್ಯಾಗ ಕೇಳಿಸ್ತು:
ಟಕ್ಕ. ಟಕ್ಕ.
ಒಣಾ ಬಾಗಿಲಾ ಬೆರಳಿಲೆ ಬಡದಂಗ.
ಆಯಿಲ್ ದೀಪ ಕೆಂಪಗ ಒಮ್ಮೆ ಮಿಣುಕಿತು.
ಫೋನಿನ್ಯಾಗ ಬುಡನ ಮಾಮಾ: ಚಾಲೂ ಮಾಡಬ್ಯಾಡ.
ಅಲ್ಲೇ ಕುಂದ್ರು. ಹಗ್ಗಾ ತಗೊಂಡು ಬರ್ತೀನಿ.

ನನ್ನ ಕೆಲಸಾ ಏನಂತ ಹೇಳಲೇ ಇಲ್ಲ ನಾ.
ಉದ್ಯಮಬಾಗದಾಗ ಕ್ರ್ಯಾಂಕ್ ಶಾಫ್ಟ್ ಅಳೀತೀನಿ,
ಎಂಟು ತಾಸಿಗೆ ನೂರಾ ಇಪ್ಪತ್ತು.
ಅಳತಿ ತಪ್ಪಿದ್ದಕ್ಕ ಕೆಂಪು ಬಣ್ಣದ್ದೊಂದು ಗೀಟು;
ಗಾಡಾ ತಳ್ಳೋ ಹುಡುಗ ಒಯ್ದು ಭಟ್ಟಿಗೆ ಹಾಕ್ತಾನ.
ಎಂದೂ ಅದರ ಹಿಂದ ತಿರುಗಿ ನೋಡಿಲ್ಲ.

ಊಟದ ಸುಟ್ಟಿಯೊಳಗ ನನ್ನ ಶಾಫ್ಟು ತಂದು
ಅದಽ ಮೇಜಿನ ಮ್ಯಾಲ ಇಟ್ನಿ.
ಮೂರನೇ ಜರ್ನಲ್. ಮೈಕ್ರೋಮೀಟರ್ ತಿರುವಿದ್ನಿ.
ಇನ್ನೊಮ್ಮೆ. ಅಡ್ಡ ಹಿಡದು ಇನ್ನೊಮ್ಮೆ.
ಕೈ ಒರಸಿ, ದವಡಿ ಒರಸಿ, ಉಸರು ಹಿಡದು.
ಮಿಲಿಯ ನೂರರಾಗ ಎರಡು ಪಾಲು ಕಮ್ಮಿ.
ಒಂದು ಕೂದಲಾ ಮೂರು ಸೀಳಿದರ ಅದರಾಗ ಒಂದು ಸೀಳು.
ಬ್ಯಾರೆದವರದಾಗಿದ್ದರ ಇಷ್ಟು ಹೊತ್ತು ಹಿಡೀತಿರಲಿಲ್ಲ.
ಬ್ರಶ್ ಅದ್ದಿದ್ನಿ.
ಗೀಟು ಸೊಟ್ಟ ಬಂತು.

ಗ್ರೈಂಡಿಂಗ್ ಯಲ್ಲೂರಕರ ತಿರುವಿ ತಿರುವಿ ನೋಡಿದ:
ಅಕ್ಕಾ, ಇದು ಸತ್ತಿಲ್ಲ. ಕಾಲು ಮಿಲಿ ಸಣ್ಣ ಮಾಡೂಣು,
ಬೇರಿಂಗ್ ಅಷ್ಟು ದಪ್ಪಂದು ಹಾಕೂಣು.
ಸೊರಗಿದವಗ ಒಳಗ ಒಂದು ಬನೀನು ಹೆಚ್ಚು.

ಮುಂದಿನ ಭೀಶಿಗೆ ಪ್ರೇಮಾ ಬಿಡಲಿಲ್ಲ:
ತೋರಸು ನಿನ್ನ ಬಂಗಾರ.
ಪರ್ಸಿನಿಂದ ಹಳೇ ಬೇರಿಂಗ್ ತಗದ್ನಿ,
ಅರ್ಧ ಬಳಿಯಂಗ ಬಾಗಿದ್ದು,
ಬೆಳ್ಳನ ಮೈ ಸವದು ನಡುವ ತಾಮ್ರ ಕಂಡಿದ್ದು.
ಆಕಿ ಕಿಡಕಿ ಬೆಳಕಿಗೆ ಹಿಡದು ಬಾಳ ಹೊತ್ತು ನೋಡಿದ್ಲು.
ಇದರ ಜೋಡಿ ಎಲ್ಲೈತಿ, ಅಂದ್ಲು.

ಈಗ ಸಾವಿರ ಕಿಲೋಮೀಟರ್ ತನಕಾ
ಮುಳ್ಳು ಮೂರು ಸಾವಿರ ದಾಟಬಾರದು; ಮಾಮಾನ ಕಟ್ಟು.
ಮುಂದ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್ ಜೋಡಿಸಿ,
ಊರಿಗೆಲ್ಲಾ ಕೇಳೂವಂಗ ಸ್ಪೀಕರ್ ಹಚ್ಚಿ;
ಹಿಂದ ನಾನು, ಮೂರನೇ ಗೇರಿನ್ಯಾಗ.
ಗಳದ ತುದಿಗೆ ಕುಂತ ಹುಡುಗ ಕೈ ಬೀಸ್ತಾನ:
ಹೋಗ್ರಿ ಮುಂದ, ರಸ್ತಾ ಖಾಲಿ ಐತಿ.
ಸೈಕಲ್ಲಿನವರೂ ದಾಟಿ ಹೋದರು.
ಕಿಡಕಿ ಇಳಿಸಿ ಒದರಿದ್ನಿ,
ಆ ಗದ್ದಲದಾಗ ಅವಗ ಕೇಳಿಸ್ತೋ ಇಲ್ಲೋ:
ಇನ್ನ ಮುನ್ನೂರಾ ಅರವತ್ತು ಐತಿ, ತಮ್ಮಾ.